ರಾಜೇಸಾಬನ ದ್ವೀಪದ ನಾಷ್ಟಾ

ಹೋದ ತಿಂಗಳು ಸಂತೆಯ ದಿನ, ಬೆಳಗ್ಗೆ ಹತ್ತೂವರೆಯ ಸುಮಾರಿಗೆ, ನಾನು ನವಲಗುಂದದ ಸಂತೆಯಲ್ಲಿ ಒಣಮೀನಿನ ಬುಟ್ಟಿಗಳಿಂದ ಐದು ಹೆಜ್ಜೆ ದೂರ ನಿಂತಿದ್ದೆ. ಎಡಕ್ಕೆ ಉಳ್ಳಾಗಡ್ಡಿಯ ರಾಶಿ, ಬಲಕ್ಕೆ ಹಗ್ಗ ಮಾರುವವರು. ಮೋಡ ಇತ್ತು, ಮಳೆ ಇರಲಿಲ್ಲ. ನಾನು ಬಂದದ್ದು ಉಳ್ಳಾಗಡ್ಡಿಗೆ. ಗಾಳಿ ತಿರುಗಿ ಮೀನಿನ ವಾಸನೆ ಮೂಗಿಗೆ ಬಂತು. ನಮ್ಮ ಮನೆಯವರು ಆ ವಾಸನೆಗೆ ಸೆರಗು, ವಸ್ತ್ರ ಮೂಗಿಗೆ ಹಿಡಿದು ದಾಟುತ್ತಾರೆ. ನಾನು ದಾಟದೆ ಅಲ್ಲೇ ನಿಂತೆ. ಏಳು ವರ್ಷದ ಹಿಂದೆ, ಹೆಸರುಕಾಳಿನ ಬೆಳೆ ಕೀಳುವ ದಿನಗಳಲ್ಲಿ, ಹೆಚ್ಚುಕಡಿಮೆ ಇದೇ ಹೊತ್ತಿಗೆ ಇದೇ ಜಾಗದಲ್ಲಿ ನಿಂತಿದ್ದೆ. ಆ ಮಳೆಗಾಲವನ್ನು ನೋಡಿದಷ್ಟು, ಮಾಡಿದಷ್ಟು ಬರೆದಿಡುತ್ತೇನೆ.

ರಾಜೇಸಾಬ ಮತ್ತು ನಾನು ಯಮನೂರಿನ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತವರು. ನಾನು ಮುಂದೆ ಹೊಲ ಅಳೆಯುವ ಕೆಲಸಕ್ಕೆ ಸೇರಿದೆ. ಅವನು ಎಂಜಿನ್ ರಿಪೇರಿ ಕಲಿತ. ನವಲಗುಂದ ತಾಲೂಕಿನ ಅರ್ಧ ಪಂಪ್‌ಸೆಟ್ಟುಗಳ ಸದ್ದು ಅವನಿಗೆ ಗುರುತಿತ್ತು. ಮೂವತ್ತು ತುಂಬುವ ಹೊತ್ತಿಗೆ ಮಾಲ್ಡೀವ್ಸ್‌ನ ಒಂದು ಚಿಕ್ಕ ದ್ವೀಪಕ್ಕೆ ಹೋದ. ಅಲ್ಲಿ ಊರಿಗೆಲ್ಲ ಕರೆಂಟು ಕೊಡುವುದು ಡೀಸೆಲ್ ಎಂಜಿನ್ನು. ಅದನ್ನು ನೋಡಿಕೊಳ್ಳುವುದು ಅವನ ಕೆಲಸ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ. ತನ್ನ ಮದುವೆಯನ್ನು ತಂಗಿ ಶಾಹೀನಳದು ಆಗಲಿ ಎಂದು ಮುಂದೆ ಹಾಕಿದ. ಅವಳ ಮದುವೆಯಾದ ಮೇಲೂ ಮುಂದೆ ಹಾಕಿದ. ಬಂದಾಗಲೆಲ್ಲ ನನ್ನನ್ನು ಕಾಡುತ್ತಿದ್ದ.

"ಒಮ್ಮಿ ಬಾರಲೇ ಶಿವ್ಯಾ. ಸಮುದ್ರ ಅಳದ ತೋರಸ್ತಿಯಂತ."

"ಬಂದ್ರ ಉಣ್ಣಾಕ ಏನ ಹಾಕ್ತಿ? ಅಲ್ಲಿ ಮೀನ ಬಿಟ್ರ ಉಸುಕ ಅಂತಿ."

"ಉಸುಕ ಹಾಕ್ತೀನಿ. ಲಿಂಗಾಯತರಿಗೆ ನಡಿತೈತಿ ಅದು."

ಅವನ ಕಾಟಕ್ಕೆ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದೆ. ಅದು ಮೂರು ವರ್ಷ ಟ್ರಂಕಿನಲ್ಲೇ ಇತ್ತು. ಅವನು ಇದ್ದಾಗ ನಾನು ಹೋಗಲಿಲ್ಲ.

ಆ ಆಷಾಢದಲ್ಲಿ, ಮಧ್ಯಾಹ್ನ ಎಂಜಿನ್ ಮನೆಯಲ್ಲಿ ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದವನು ಹಾಗೇ ಕುಸಿದನಂತೆ. ಎದೆಬಡಿತ ನಿಂತಿತ್ತು. ವಯಸ್ಸು ಮೂವತ್ತೆಂಟು. ಅಲ್ಲಿಯ ರೂಢಿಯಂತೆ ಅಂದು ಸಂಜೆಯೊಳಗೇ ಮಣ್ಣು ಮಾಡಿದರು. ಯಮನೂರಿನಲ್ಲಿ ಅವನ ತಾಯಿ ಹುಸೇನಬಿ ಅದನ್ನು ಅಂಗೈ ಅಗಲದ ಫೋನಿನಲ್ಲಿ ನೋಡಿದಳು. ಶಾಹೀನ್ ಫೋನು ಹಿಡಿದಿದ್ದಳು, ನಾನು ಹಿಂದೆ ನಿಂತಿದ್ದೆ. ಬಿಳಿ ಉಸುಕು, ಬಿಳಿ ಬಟ್ಟೆ, ಬಿಳಿ ಟೊಪ್ಪಿಗೆಗಳು. ಚಿತ್ರ ನಡುನಡುವೆ ನಿಲ್ಲುತ್ತಿತ್ತು. ಹೊರಗೆ ಎರೆ ಹೊಲದ ಮೇಲೆ ಮಳೆ ಸುರಿಯುತ್ತಿತ್ತು. ಹುಸೇನಬಿ ಒಂದೇ ಮಾತು ಕೇಳಿದಳು: "ಅಷ್ಟು ಬೆಳ್ಳನ್ನ ಮಣ್ಣೇನಾ ಅದು?"

ಅವನ ಪೆಟ್ಟಿಗೆ, ಕೆಲವು ಕಾಗದ ಅಲ್ಲಿ ಉಳಿದಿದ್ದವು. ಮನೆಯಲ್ಲಿ ಪಾಸ್‌ಪೋರ್ಟ್ ಯಾರಿಗೂ ಇರಲಿಲ್ಲ. ನನಗಿತ್ತು. ಹೊರಡುವ ಹಿಂದಿನ ದಿನ ಹುಸೇನಬಿ ನನ್ನನ್ನು ಒಳಗೆ ಕರೆದು ಕೂರಿಸಿದಳು. ಅವರ ಮನೆಗಳಲ್ಲಿ ನಲವತ್ತನೆಯ ದಿನ, ಸತ್ತವರಿಗೆ ಇಷ್ಟವಿದ್ದದ್ದನ್ನು ಮಾಡಿ ಇಟ್ಟು, ಫಾತೇಹಾ ಓದಿಸಿ ಎಲ್ಲರಿಗೂ ಹಂಚುತ್ತಾರೆ. ನಮ್ಮಲ್ಲಿಯೂ ಎಡೆ ಇಡುತ್ತೇವೆ. ಅದರ ತೂಕ ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ.

"ಶಿವಾನಂದ, ಅಂವ ಫೋನಿನ್ಯಾಗ ಹೇಳ್ತಿದ್ದ, ಅವ್ವಾ ಇಲ್ಲಿ ನಾಷ್ಟಾ ಅಗದಿ ಚೊಲೊ, ದಿನಾ ಅದನ್ನ ತಿಂತೀನಿ, ಬಂದಾಗ ಮಾಡಿ ತೋರಸ್ತೀನಿ ಅಂತ. ಹೆಸರ ಹೇಳಿದ್ದ, ನನ್ನ ತಲಿಯಾಗ ನಿಲ್ಲಲಿಲ್ಲ. ಬಂದಾಗ ನಾ ಹಾಕಿದ್ದ ಉಂಡ ಹೋದ. ನಾನೂ ಕೇಳಲಿಲ್ಲ."

"ಶಾವಗಿ ಖೀರ ಅಂದ್ರ ಜೀವ ಬಿಡ್ತಿದ್ದನಲ್ಲವ್ವಾ. ಅದನ್ನ ಮಾಡಿದ್ರ ಆಗೂದಿಲ್ಲೇನು?"

"ಅದು ಸಾಲಿಗೆ ಹೋಗೂ ಹುಡುಗನ ಬಾಯಿ. ಆ ಬಾಯಿ ನನಗ ಗೊತ್ತು. ಸತ್ತಂವ ಮೂವತ್ತೆಂಟರಾಂವ. ಅವನ ಬಾಯಿ ನನಗ ಗೊತ್ತಿಲ್ಲ." ಆಮೇಲೆ ಅಂದಳು: "ನೀ ಹೋಗಿ ಉಂಡ ಬಾ. ಓದೂ ಮುಂಚೆ ನಾವು ರುಚಿ ನೋಡೂ ಹಂಗಿಲ್ಲ, ಎಂಜಲಾಗತೈತಿ. ಹೆಂಗಿರತೈತಿ ಅಂತ ಉಂಡಾಂವ ಒಬ್ಬಾಂವ ಬಾಜೂಕ ಕುಂತ ಹೇಳಬೇಕು."

"ಉಂಡ ಬರ್ತೀನಿ" ಎಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು. ಶಾಹೀನ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ರಾಜೇಸಾಬ ತೀರಿಕೊಂಡ ಹದಿನೇಳನೆಯ ದಿನ ಹೊರಟೆ. ಎರಡು ವಿಮಾನ, ಆಮೇಲೆ ಒಂದು ದೋಣಿ. ಚೀಲದಲ್ಲಿ ನನ್ನ ಹೆಂಡತಿ ಗಿರಿಜಾ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಇದ್ದವು. ಎಲ್ಲಿಗೆ ಹೋದರೂ ಅವನ್ನು ಬಿಟ್ಟು ಹೋದವನಲ್ಲ. ದ್ವೀಪದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ, ಎಂಟುನೂರ ಹತ್ತು ಹೆಜ್ಜೆ. ಊರೆಲ್ಲ ಆ ಎಂಜಿನ್ನಿನ ಗುಂಯ್ ಸದ್ದು. ಬೇರೆ ಯಾರೋ ಅದನ್ನು ಓಡಿಸುತ್ತಿದ್ದರು. ಗೋರಿ ಮಸೀದಿಯ ಗೋಡೆಯಿಂದ ಹನ್ನೊಂದು ಹೆಜ್ಜೆ ಒಳಗೆ. ತಲೆಯ ಕಡೆ ಒಂದು ಕಲ್ಲು. ಸುತ್ತ ಯಾರೋ ಉಸುಕು ಗುಡಿಸಿ ಅಚ್ಚುಕಟ್ಟು ಮಾಡಿದ್ದರು.

ಗುಡಿಸುತ್ತಿದ್ದವಳು ಆಮಿನತ್. ರಾಜೇಸಾಬ ಎಂಟು ವರ್ಷ ಬಾಡಿಗೆಗಿದ್ದದ್ದು ಅವಳ ಮನೆಯಲ್ಲಿ. ಗಂಡ ಮೀನು ಹಿಡಿಯಲು ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು; ಅವಳಿಗೂ ನನಗೂ ಮುರುಕು ಹಿಂದಿಯಲ್ಲಿ ಮಾತು. ನನ್ನನ್ನು ನೋಡಿದ ಕೂಡಲೇ ಹಗ್ಗ ಹೆಣೆದ ಕುರ್ಚಿ ತೋರಿಸಿ ಕನ್ನಡದಲ್ಲಿ "ಕುಂದ್ರು" ಎಂದಳು. ಅವಳಿಗೆ ಬರುತ್ತಿದ್ದ ಕನ್ನಡ ಅಷ್ಟೇ: ಕುಂದ್ರು, ಉಣ್ಣು, ಸಾಕಬೇ. ಮೂರೂ ಅವನದೇ ದನಿಯಲ್ಲಿ ಬಂದವು. ನಾನು ಮುಖ ತಿರುಗಿಸಬೇಕಾಯಿತು.

ನಾನು ರೊಟ್ಟಿ ಮುರಿದು ಹಿಂಡಿ ಹಚ್ಚಿ ಕೊಟ್ಟೆ. ಇದೇನು, ಇದರಲ್ಲಿ ಏನಿದೆ ಎಂದು ಕೇಳದೆ ಅವಳು ಬಾಯಿಗಿಟ್ಟಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನಕ್ಕು ಮತ್ತೊಂದು ಚೂರಿಗೆ ಕೈ ಚಾಚಿದಳು.

ಮರುದಿನ ಬೆಳಗ್ಗೆ ಅವನ ನಾಷ್ಟಾ ಮಾಡಿ ತೋರಿಸು ಎಂದು ಕೇಳಿದೆ. ಅದರ ಹೆಸರು ಮಸ್‌ಹುನಿ. ಮಸ್ ಎಂದರೆ ಮೀನು, ಹುನಿ ಎಂದರೆ ತುರಿದ ತೆಂಗಿನಕಾಯಿ. ಅವಳು ತುರಿಯುವ ಮಣೆಯ ಮೇಲೆ ನಮ್ಮ ಹೆಂಗಸರು ಕೂರುವ ಹಾಗೇ ಒಂದು ಕಾಲು ಮಡಚಿ ಕೂತಳು. ನಾನು ಅಳತೆಯ ವಹಿ ತೆಗೆದು ಬರೆದುಕೊಂಡೆ. ಮೊದಲು ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸು, ಉಪ್ಪು, ನಿಂಬೆರಸ. ಇವನ್ನು ಕೈಯಿಂದ ಹಿಚುಕಿ ನೀರು ಬಿಡಿಸುವುದು. ಆಮೇಲೆ ಮೀನು. ಹೊಗೆಯಲ್ಲಿ ಒಣಗಿಸಿ ಕಟ್ಟಿಗೆಯಂತಾದ ದೊಡ್ಡ ಮೀನಿನ ತುಂಡು, ಬಿಡಿಸಿ ಎಳೆ ಮಾಡಿದ್ದು, ಒಂದು ಹಿಡಿ. ಕಡೆಗೆ ತೆಂಗಿನತುರಿ ಎರಡು ಹಿಡಿ. ತುರಿ ಹಾಕಿದ ಮೇಲೆ ಹಿಚುಕಬಾರದು, ಬೆರಳ ತುದಿಯಿಂದ ಬೆರೆಸಬೇಕು. ಜತೆಗೆ ರೋಶಿ, ನಮ್ಮ ಚಪಾತಿಯ ತಮ್ಮನಂಥದ್ದು, ಹಾಲಿಲ್ಲದ ಚಹಾ.

ತಟ್ಟೆ ನನ್ನ ಮುಂದೆ ಬಂತು. ನಾನು ಅಡುಗೆ ಮನೆಯ ಹೊಸ್ತಿಲಾಚೆ, ಬೇಲಿಯ ಕಡೆ ಮುಖ ಮಾಡಿ ಕೂತಿದ್ದೆ. ರೋಶಿಯಲ್ಲಿ ಸುತ್ತಿದೆ. ತುಟಿಯವರೆಗೆ ತಂದೆ. ಹೊಗೆಯ ವಾಸನೆ, ಅದರ ಹಿಂದೆ ಮೀನಿನ ವಾಸನೆ. ಮೂವತ್ತೆಂಟು ವರ್ಷ ನನ್ನ ಬಾಯಿಗೆ ಅದು ಹೋಗಿರಲಿಲ್ಲ. ಎಡಗೈ ತಾನಾಗಿ ಕೊರಳ ಲಿಂಗಕ್ಕೆ ಹೋಯಿತು. ಆಮಿನತ್ ಚಹಾ ತರಲು ಒಳಗೆ ಹೋದಳು. ಬೇಲಿಯ ಬುಡದಲ್ಲಿ ಒಂದು ಬೂದು ಬೆಕ್ಕು ಕೂತಿತ್ತು. ಸುರುಳಿಯನ್ನು ಅದರ ಮುಂದೆ ಎಸೆದೆ. ತಿರುಗಿದರೆ ಅವಳು ಎರಡು ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

ಅವಳು ಚಹಾ ಇಟ್ಟಳು. ಮರುದಿನ ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ, ಅದೇ ಉಳ್ಳಾಗಡ್ಡಿ, ಅದೇ ನಿಂಬೆ, ಅದೇ ತುರಿ ಹಾಕಿ, ಮೀನಿಲ್ಲದೆ ಬೆರೆಸಿ ಕೊಟ್ಟಳು. "ಉಣ್ಣು" ಎಂದಳು. ಅದನ್ನು ಉಂಡೆ. ಚೆನ್ನಾಗಿತ್ತು.

ಹೊರಡುವ ದಿನ ದೋಣಿಕಟ್ಟೆಗೆ ಬಂದು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಕೊಟ್ಟಳು. ಹೊಗೆಮೀನಿನ ಎರಡು ತುಂಡು. "ಅಮ್ಮೀ ಕೇ ಲಿಯೇ" ಎಂದಳು, ಹುಸೇನಬಿಗೆಂದು. ಅವಳು ತಿರುಗಿ ಹೋದ ಮೇಲೆ ಆ ಗಂಟನ್ನು ಕಟ್ಟೆಯ ಬೆಂಚಿನ ಮೇಲೆ ಬಿಟ್ಟು ದೋಣಿ ಹತ್ತಿದೆ. ವಿಮಾನದಲ್ಲಿ ಬಿಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಿಡುತ್ತಾರೋ ಇಲ್ಲವೋ ಎಂದು ಯಾರನ್ನೂ ಕೇಳಿರಲಿಲ್ಲ. ನನ್ನ ಬಟ್ಟೆಗೆ, ಮನೆಗೆ ಆ ವಾಸನೆ ಹತ್ತುತ್ತದೆ ಎಂಬುದಷ್ಟೇ ನಿಜವಾದ ಕಾರಣ.

ಊರಿಗೆ ಬಂದು ರಾಜೇಸಾಬನ ಪೆಟ್ಟಿಗೆಯನ್ನು ಹುಸೇನಬಿಯ ಮುಂದೆ ಇಟ್ಟೆ. ಗೋರಿಯ ಚಿತ್ರ ತೋರಿಸಿದೆ, ಹೆಜ್ಜೆಯ ಲೆಕ್ಕ ಹೇಳಿದೆ. ಅವಳು ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದಳು, "ಉಂಡಿ?"

"ಉಂಡೆ."

"ಏನಂತಾರ ಅದಕ್ಕ?"

"ಹುನಿ ಅಂತಾರವ್ವಾ. ಕೊಬ್ಬರಿ, ಉಳ್ಳಾಗಡ್ಡಿ, ನುಗ್ಗಿಸೊಪ್ಪು, ನಿಂಬಿ."

ಹೆಸರಿನ ಮೊದಲ ಅರ್ಧವನ್ನು ನಾನು ಹೇಳಲೇ ಇಲ್ಲ.

"ಬಾಯಾಗ ಹೆಂಗಿತ್ತು?"

"ಚೊಲೊ ಇತ್ತು."

ಅವಳು ನನ್ನ ಮುಖ ನೋಡಿದಳು. ನಲವತ್ತನೆಯ ದಿನಕ್ಕೆ ಇನ್ನೂ ಹನ್ನೆರಡು ದಿನ ಇದ್ದವು, ಅಷ್ಟೂ ದಿನ ಮಳೆ ಬಿಡಲಿಲ್ಲ. ಬೆಣ್ಣಿಹಳ್ಳ ಕೆಂಪಗೆ ತುಂಬಿ ಹರಿಯಿತು. ಕಿತ್ತ ಹೆಸರು ಒಣಗದೆ ಪಡಸಾಲೆಗಳಲ್ಲಿ ಹರಡಿ ಮುಗ್ಗಲು ವಾಸನೆ ಹೊಡೆಯಿತು. ನಾನು ಕೆಲಸಕ್ಕೆಂದು ಹೊಲಕ್ಕೆ ಇಳಿದರೆ ಎರೆಮಣ್ಣು ಪ್ರತಿ ಹೆಜ್ಜೆಗೂ ಒಂದು ಸೇರು ಹತ್ತಿಕೊಳ್ಳುತ್ತಿತ್ತು. ದಿನಾ ಅವರ ಮನೆಯ ಮುಂದೆ ಹಾದು ಹೋದೆ. ಹೇಳಬೇಕೆಂದು ಒಮ್ಮೆ ಕಟ್ಟೆ ಹತ್ತಿದ್ದೂ ಉಂಟು. ಶಾಹೀನ್ ನುಗ್ಗೆಸೊಪ್ಪು ಬಿಡಿಸುತ್ತ ಕೂತಿದ್ದಳು, ನಿಜವಾದ ದಿನಕ್ಕೆ ಮೊದಲು ಒಮ್ಮೆ ಮಾಡಿ ಕೈ ಪಳಗಿಸಿಕೊಳ್ಳಲು. ನೀರು ಕೇಳಿ ಕುಡಿದು ಬಂದೆ.

ನಲವತ್ತನೆಯ ದಿನ ಮಳೆ ನಿಂತು ಬಿಸಿಲು ಬಂತು. ಒಂಬತ್ತೂವರೆಗೆ ಹೋದೆ. ಹೊರಗೆ ಮಂದಿಗೆ ಪಲಾವಿನ ಹಂಡೆ ಇಟ್ಟಿದ್ದರು. ಒಳಗೆ ಹಾಸಿದ ಬಿಳಿ ಬಟ್ಟೆಯ ಮೇಲೆ ಶಾವಿಗೆ ಖೀರು, ಊದಿನಕಡ್ಡಿ, ನಡುವೆ ಹುಸೇನಬಿ ತಾನೇ ಮಾಡಿದ ಹಸಿರು ಹುನಿ. ಮುಲ್ಲಾಸಾಬರು ಮಧ್ಯಾಹ್ನದ ನಮಾಜಿನ ನಂತರ ಓದುವುದಿತ್ತು. ಅಷ್ಟರಲ್ಲಿ ಇಲಿಯಾಸ್ ಬಂದ. ಅಣ್ಣಿಗೇರಿಯವನು, ಅದೇ ದ್ವೀಪದಲ್ಲಿ ರಾಜೇಸಾಬನ ಕೈಕೆಳಗೆ ನಾಲ್ಕು ವರ್ಷ ವೈರಿಂಗ್ ಕೆಲಸ ಮಾಡಿ, ಆ ವರ್ಷ ದೂರದ ಬೇರೆ ದ್ವೀಪಕ್ಕೆ ಹೋಗಿದ್ದವನು. ಹಿಂದಿನ ದಿನವಷ್ಟೇ ರಜೆಯ ಮೇಲೆ ಊರಿಗೆ ಇಳಿದಿದ್ದ. ಹುಸೇನಬಿಯ ಕಾಲು ಮುಟ್ಟಿ, ಕೂತು, ತಟ್ಟೆಯ ಕಡೆ ಬಗ್ಗಿದ.

"ಚಾಚಿ, ಇದೇನ್ರಿ?"

"ಹುನಿ. ನಿಮ್ಮ ರಾಜಾಭಾಯಿ ದಿನಾ ತಿಂತಿದ್ದನಲ್ಲಪಾ, ಅದು."

"ಇದರಾಗ ಮೀನ ಎಲ್ಲೈತ್ರಿ?" ಇಲಿಯಾಸ್ ನಗುತ್ತಲೇ ಅಂದ. "ಮೀನಿಲ್ಲದ ಇದನ್ನ ಆಡಿನ ಮುಂದ ಇಡಬೇಕು. ಒಂದಿನ ಆಮಿನತ್ ಅಕ್ಕ ಮೀನ ಕಡಿಮಿ ಹಾಕಿದ್ಲಂತ ರಾಜಾಭಾಯಿ ಸಂಜಿತನಾ ಮಾತ ಬಿಟ್ಟಿದ್ದ."

ಇಲಿಯಾಸನ ನಗು ಅರ್ಧಕ್ಕೆ ನಿಂತಿತು. ಶಾಹೀನ್ ನನ್ನನ್ನು ನೋಡಿದಳು. ಹುಸೇನಬಿ ನೋಡಲಿಲ್ಲ, ತಟ್ಟೆಯ ಅಂಚಿಗೆ ಹತ್ತಿದ ಒಂದು ಎಲೆಯನ್ನು ಬೆರಳಿನಿಂದ ಒಳಗೆ ಸರಿಸಿದಳು.

ಆಗ ಎಲ್ಲ ಹೇಳಿದೆ. ಸುರುಳಿ, ಬೆಕ್ಕು, ಬೆಂಚಿನ ಮೇಲೆ ಬಿಟ್ಟ ಗಂಟು. ನಿಂತೇ ಹೇಳಿದೆ. ಹೇಳುವಾಗ ನನ್ನ ದನಿ ಯಾರದೋ ಹೊಲದ ವರದಿ ಓದಿದ ಹಾಗೆ ಕೇಳುತ್ತಿತ್ತು.

"ಅವತ್ತೂ ಹಿಂಗ ಹೇಳಿದಿ," ಎಂದಳು ಹುಸೇನಬಿ. "ಚೀಟಿ ಓದಿದಂಗ. ಉಂಡಾಂವ ಹಂಗ ಹೇಳೂದಿಲ್ಲ, ಬಾಯಾಗ ನೀರ ಬರತೈತಿ ಅವನಿಗೆ. ನನಗ ಅವತ್ತೇ ಅನಸಿತ್ತು. ಆದರ ನೀ ಸುಳ್ಳ ಹೇಳಿದಿ ಅಂತ ಅನಕೊಳ್ಳಾಕ ಮನಸಾಗಲಿಲ್ಲ."

"ತಪ್ಪಾತವ್ವಾ."

"ತಿನ್ನಲಿಲ್ಲಂತ ನನಗ ಸಿಟ್ಟಿಲ್ಲ. ಅದು ನಿಮ್ಮ ಮನಿ ಆಚಾರ, ನಾನ ನಿನಗ ಅಷ್ಟು ದೊಡ್ಡದ ಕೇಳಬಾರದಿತ್ತು. ತಿನ್ನಲಿಲ್ಲಂತ ಬಂದ ಹೇಳಬೇಕಿತ್ತು." ಆಮೇಲೆ ಗಡಿಯಾರ ನೋಡಿದಳು. "ಓದಾಕ ಇನ್ನೂ ಹೊತ್ತೈತಿ. ಇವತ್ತ ಸಂತಿ."

ಇಲಿಯಾಸ್ ಎದ್ದ. "ನಾ ತರ್ತೀನಿ ಚಾಚಿ, ಗಾಡಿ ಐತಿ."

"ನೀ ಕುಂದ್ರು" ಎಂದಳು. ನನ್ನ ಹೆಸರು ಹೇಳಲಿಲ್ಲ. ನಾನು ಮೋಟಾರ್ ಸೈಕಲ್ಲಿನ ಕೀಲಿ ತೆಗೆದುಕೊಂಡೆ.

ಹೀಗೆ ಆ ಬೆಳಗ್ಗೆ ನವಲಗುಂದದ ಸಂತೆಯಲ್ಲಿ ಒಣಮೀನಿನ ಬುಟ್ಟಿಗಳ ಮುಂದೆ ನಿಂತೆ. ಅಂಕೋಲೆ ಕಡೆಯ ಹೆಂಗಸು ಮಾರಲು ಕೂತಿದ್ದಳು. ನಮ್ಮ ಸಂತೆಗಳಲ್ಲಿ ಕೂತು ಕೂತು ನಮ್ಮ ಮಾತೇ ಆಡುತ್ತಿದ್ದಳು. ಐದು ಹೆಜ್ಜೆ ದೂರ ನಿಂತ ನನ್ನನ್ನು ನೋಡಿ ದೊಡ್ಡದಾಗಿ ಕರೆದಳು.

"ಬರ್ರಿ ಸಾವಕಾರ್ರ, ಮೀನೇನ ಕಡಿಯೂದಿಲ್ಲ, ಸತ್ತಾವು. ಮನಿಗೆ ಒಯ್ತೀರೋ, ಹೊಲದಾಗ ಕದ್ದ ತಿಂತೀರೋ?"

ಬಾಜುವಿನ ಹಗ್ಗದವನು ನಕ್ಕ. ನಾನು ಹತ್ತಿರ ಹೋಗಿ, "ಸತ್ತವರಿಗೆ ಇಡಬೇಕು. ಯಾವುದು ಚೊಲೊ ನನಗ ಗೊತ್ತಿಲ್ಲ" ಎಂದೆ. ಅವಳು ನಗು ನಿಲ್ಲಿಸಿದಳು. ಮೇಲಿನವನ್ನು ಸರಿಸಿ ಬುಟ್ಟಿಯ ಅಡಿಯಿಂದ ದಪ್ಪ ಬಂಗಡೆಗಳನ್ನು ಆರಿಸಿ ಕಾಗದದಲ್ಲಿ ಸುತ್ತಿದಳು. "ನೀರಾಗ ತೊಳದು ಕೆಂಡದ ಮ್ಯಾಲ ಸುಡಾಕ ಹೇಳ್ರಿ. ಅಂದ್ರ ಉಪ್ಪ ಹದಕ್ಕ ಬರತೈತಿ" ಎಂದಳು. ಆ ಪೊಟ್ಟಣವನ್ನು ಚೀಲದಲ್ಲಿ ಹಾಕಲಿಲ್ಲ. ಅಂಗಿಯ ಒಳಗೆ, ಎದೆಗೆ ಇಟ್ಟುಕೊಂಡು ಯಮನೂರಿನವರೆಗೆ ಬಂದೆ.

ಹುಸೇನಬಿ ಮೀನನ್ನು ಕೆಂಡದ ಮೇಲೆ ಸುಟ್ಟಳು. ಮುಳ್ಳು ತೆಗೆದು ಎಳೆ ಬಿಡಿಸಿದಳು. ನಾನು ಪಕ್ಕದಲ್ಲಿ ಕೂತು ವಹಿ ನೋಡಿ ಹೇಳುತ್ತ ಹೋದೆ: ಮೊದಲು ಉಳ್ಳಾಗಡ್ಡಿ ಹಿಚುಕುವುದು, ಆಮೇಲೆ ಮೀನು, ತುರಿ ಕಡೆಗೆ, ಬೆರಳ ತುದಿಯಿಂದ. ಇಲಿಯಾಸ್ ಬಗ್ಗಿ ಮೂಸಿದ. "ಅಲ್ಲಿದು ದೊಡ್ಡ ಮೀನ, ಇದು ಬಂಗಡಿ. ಆದ್ರೂ ವಾಸನಿ ಹಂಗ ಐತ್ರಿ ಚಾಚಿ, ಮುಂಜಾನೆ ಅವರ ಅಂಗಳದಾಗ ಬರ್ತಿತ್ತಲ್ಲ, ಹಂಗ" ಎಂದು ಹೇಳಿ ಕಣ್ಣೊರೆಸಿಕೊಂಡು ಹೊರಗೆ ಹೋದ. ಹಸಿರು ಹುನಿಯ ತಟ್ಟೆಯನ್ನೂ ಹುಸೇನಬಿ ತೆಗೆಯಲಿಲ್ಲ. ಎರಡನ್ನೂ ಜೋಡಿಸಿ ಇಟ್ಟಳು.

ಓದಿನ ಹೊತ್ತಿಗೆ ಇಲಿಯಾಸ್ ಒಳಗೆ ಬಂದು ಮುಲ್ಲಾಸಾಬರ ಪಕ್ಕ ಕೂತ. ಓದು ಮುಗಿದಾಗ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷ ಇತ್ತು. ಮೊದಲ ತುತ್ತನ್ನು ಮನೆಯ ಹಿರಿಯರಿಗೆ ಕೊಡುವುದು ರೂಢಿ. ಹುಸೇನಬಿ ಚಪಾತಿಯ ಚೂರಿನಲ್ಲಿ ಅದನ್ನು ಸುತ್ತಿ ಕೈಯಲ್ಲಿ ಹಿಡಿದು ಕೂತಳು, ಯಾರಿಗೂ ಕೊಡಲಿಲ್ಲ, ತಾನೂ ಉಣ್ಣಲಿಲ್ಲ. ನನ್ನ ಕಡೆ ಚಾಚಲೂ ಇಲ್ಲ. ನಾನೇ ಕೈ ಒಡ್ಡಿದೆ.

"ಬ್ಯಾಡ ಮಗನ. ನಾ ಕೇಳಿಲ್ಲ."

"ಉಂಡ ಬರ್ತೀನಿ ಅಂದಿದ್ದೆ ಅವ್ವಾ."

ಕೊಟ್ಟಳು. ಈ ಸಲ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಾಯಿಗಿಟ್ಟೆ, ಅಗಿದೆ. ಕಣ್ಣು ಮುಚ್ಚಿದೆ. ನುಂಗಿದೆ.

"ಹೇಳು" ಎಂದಳು.

"ಉಪ್ಪು ಮುಂದ ಐತಿ ಅವ್ವಾ. ಅದರ ಬೆನ್ನಿಗೇ ನಿಂಬಿ. ಆಮ್ಯಾಲ ಮೆಣಸಿನಕಾಯಿ ನಾಲಗಿ ಬಾಜೂಕ ಸುಡತೈತಿ, ಅಷ್ಟರಾಗ ಕೊಬ್ಬರಿ ಸೀ ಬರತೈತಿ. ಎಲ್ಲಾ ಹೋದ ಮ್ಯಾಲ ಹೊಗಿ ಉಳಿತೈತಿ. ಗಂಟಲದಾಗ. ಈಗೂ ಐತಿ."

ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ತಾನೊಂದು ತುತ್ತು ತೆಗೆದುಕೊಂಡು ನಿಧಾನವಾಗಿ ಅಗಿದಳು. ಶಾಹೀನ್ ನೀರಿನ ತಂಬಿಗೆ ಮುಂದೆ ಮಾಡಿದಳು, ಹುಸೇನಬಿ ಬೇಡವೆಂದು ತಲೆಯಾಡಿಸಿದಳು.

"ಇಷ್ಟು ಉಪ್ಪ ತಿಂತಿದ್ದನಾ ಅಂವ," ಎಂದಳು. "ಹಂಗಾರ ನನ್ನ ಕೈಯಾಗ ಬರೇ ಸಪ್ಪನ್ನ ಉಂಡ ಹೋಗ್ಯಾನ. ಎಂಟು ವರ್ಷ. ಒಮ್ಮೇನೂ ಉಪ್ಪ ಕೊಡು ಅನಲಿಲ್ಲ."

ಅಷ್ಟು ಹೇಳಿ, ನಲವತ್ತು ದಿನಗಳಲ್ಲಿ ಮೊದಲ ಸಲ, ನಾವು ನೋಡುವಂತೆ ಅತ್ತಳು.

ಸಂಜೆ ಮನೆಗೆ ಬಂದಾಗ ಗಿರಿಜಾ ಬಾಗಿಲಲ್ಲೇ ಮೂಗು ಅರಳಿಸಿ ನಿಂತಳು. ಬಚ್ಚಲ ಕಡೆ ಕೈ ತೋರಿಸಿ, ನೀರು ಕಾಯಿಸಲು ಹೋದಳು. ಜಳಕ ಮಾಡಿ, ಪೂಜೆ ಮಾಡಿ, ಆಮೇಲೆ ಅವಳಿಗೆ ಹೇಳಿದೆ. ಅಂದಿನಿಂದ ಇಂದಿನವರೆಗೆ ನಾನು ಮತ್ತೆ ಮೀನು ತಿಂದಿಲ್ಲ. ಹೋದ ತಿಂಗಳು ಸಂತೆಯಲ್ಲಿ ಗಾಳಿ ತಿರುಗಿದಾಗ ಗಂಟಲಲ್ಲಿ ಆ ಹೊಗೆ ಇತ್ತು.

ನಾನು ಆ ತುತ್ತು ಉಂಡದ್ದನ್ನು ನೋಡಿದವರು ನಾಲ್ವರು. ಮುಲ್ಲಾಸಾಬರು ತೀರಿಕೊಂಡಿದ್ದಾರೆ. ಹುಸೇನಬಿ ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಹೋದಳು; ಅವಳ ನಲವತ್ತನೆಯ ದಿನ ಏನು ಇಡಬೇಕೆಂದು ಶಾಹೀನ್ ಯಾರನ್ನೂ ಕೇಳಲಿಲ್ಲ, ಮಸ್‌ಹುನಿಯನ್ನೇ ಇಟ್ಟಳು, ಉಪ್ಪು ಮುಂದಾಗಿ. ಶಾಹೀನ್ ಇದ್ದಾಳೆ, ಯಮನೂರಿನಲ್ಲಿ. ಇಲಿಯಾಸ್ ಇದ್ದಾನೆ, ಅಣ್ಣಿಗೇರಿಯಲ್ಲಿ, ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಾನೆ. ಉಣ್ಣದೆ ಬೆಕ್ಕಿಗೆ ಎಸೆದದ್ದನ್ನು ನೋಡಿದವಳು ಒಬ್ಬಳೇ, ಆಮಿನತ್. ಅವಳೂ ಇದ್ದಾಳೆ, ಆ ದ್ವೀಪದಲ್ಲಿ; ನಾನು ಆಮೇಲೆ ಉಂಡದ್ದನ್ನು ಅವಳು ನೋಡಿಲ್ಲ.